ರೋಟರಿ ಸೇರಲೇ ಎಂದು ಕೇಳಿದ ವೈದ್ಯೆಗೆ

ಪ್ರಶ್ನೆ: ಬ್ರಹ್ಮಾವರದ ಸಮೀಪ ಹೊಸದಾಗಿ ಕ್ಲಿನಿಕ್ ತೆರೆದಿದ್ದೇನೆ. ರೋಟರಿ ಕ್ಲಬ್‌ನವರು ಸದಸ್ಯೆಯಾಗಲು ಕರೆಯುತ್ತಿದ್ದಾರೆ. ಅಲ್ಲಿ ಹಾರ, ಶಾಲು, ಊಟಕ್ಕೇ ಸಮಯ ಹೋಗುತ್ತದೆ ಎಂಬುದು ಮನೆಯವರ ಆಕ್ಷೇಪ. ದೀರ್ಘಕಾಲ ಸದಸ್ಯರಾಗಿದ್ದ ನಿಮಗೆ ಸಿಕ್ಕಿದ್ದೇನು?
— ಯುವ ವೈದ್ಯೆ, ಉಡುಪಿ ಜಿಲ್ಲೆ

ಉತ್ತರ: ಹಾರ, ಶಾಲು ಇದ್ದೇ ಇರುತ್ತವೆ. ಆದರೂ ಸೇರಿ ಎಂದೇ ಹೇಳುತ್ತೇನೆ.

ಸಣ್ಣ ಊರಿನಲ್ಲಿ ವೈದ್ಯರ ಎದುರು ಕೂರುವವರೆಲ್ಲ ರೋಗಿಗಳು, ಇಲ್ಲವೇ ರೋಗಿಯ ಕಡೆಯವರು. ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಾರೆ. ಕ್ಲಬ್‌ನಲ್ಲಿ ಹಾಗಲ್ಲ. ಮಲ್ಪೆಯ ಐಸ್ ಪ್ಲಾಂಟಿನ ಮಾಲೀಕರು, ಶಾಲೆಯ ಮುಖ್ಯೋಪಾಧ್ಯಾಯರು, ಚಿನ್ನದ ಕೆಲಸದವರು ಪಕ್ಕದಲ್ಲೇ ಕುಳಿತು "ಡಾಕ್ಟರೇ, ಇದು ಹೀಗೆ ನಡೆಯುವುದಿಲ್ಲ" ಎನ್ನುತ್ತಿದ್ದರು. ನನಗೆ ಸಿಕ್ಕಿದ್ದು ಅದು.

ರೋಟರಿ ಪೋಲಿಯೊ ವಿರುದ್ಧದ ಕೆಲಸವನ್ನು 1985ರಲ್ಲೇ ಕೈಗೆತ್ತಿಕೊಂಡಿತ್ತು. ನಮ್ಮ ದೇಶದಲ್ಲಿ ಪಲ್ಸ್ ಪೋಲಿಯೊ ಆರಂಭವಾದದ್ದು 1995ರಲ್ಲಿ. ಎರಡು ಹನಿ ಹಾಕುವುದು ಸುಲಭ. ತಂಪು ಕೆಡದಂತೆ ಲಸಿಕೆಯನ್ನು ಮಗುವಿನ ಬಾಯಿಯವರೆಗೆ ತರುವುದೇ ಕಷ್ಟ. ಮಲ್ಪೆಯಲ್ಲಿ ಬೆಳಗಿನ ಹೊತ್ತು ತಾಯಂದಿರು ಮೀನಿನ ಬುಟ್ಟಿಯ ಮುಂದೆ ಇರುತ್ತಾರೆ, ಮಕ್ಕಳು ಅಜ್ಜಿಯರ ಬಳಿ. ಶಾಲೆಯಲ್ಲಿ ಬೂತ್ ಇಟ್ಟರೆ ಯಾರೂ ಬರುವುದಿಲ್ಲ, ಬಂದರಿನ ದಾರಿಯಲ್ಲೇ ಮೇಜು ಹಾಕಿ ಎಂದವರು ಐಸ್ ಪ್ಲಾಂಟಿನವರು.

ಆಮೇಲಿನ ವರ್ಷಗಳಲ್ಲಿ ಲಸಿಕೆಯ ಶೀಶೆಯ ಮೇಲೆ ಒಂದು ಗುರುತು ಬಂತು: ನೇರಳೆ ವೃತ್ತ, ಅದರೊಳಗೆ ತಿಳಿಬಣ್ಣದ ಚೌಕ. ಬಿಸಿ ತಗುಲಿದಂತೆಲ್ಲ ಚೌಕದ ಬಣ್ಣ ಗಾಢವಾಗುತ್ತದೆ. ವೃತ್ತದ ಬಣ್ಣಕ್ಕೆ ಬಂದರೆ ಆ ಶೀಶೆ ಬಳಸುವಂತಿಲ್ಲ. ನಮ್ಮ ಚಿನ್ನದ ಕೆಲಸದವರು ಕನ್ನಡಕವನ್ನು ಹಣೆಗೇರಿಸಿ, ಪ್ರತಿ ಶೀಶೆಯನ್ನೂ ಬೆಳಕಿಗೆ ಹಿಡಿದು ನೋಡಿಯೇ ಆರೋಗ್ಯ ಇಲಾಖೆಯ ನರ್ಸ್ ಕೈಗೆ ಕೊಡುತ್ತಿದ್ದರು. ಮಗುವಿನ ಎಡಗೈಯ ಕಿರುಬೆರಳಿಗೆ ಶಾಯಿ ಹಚ್ಚುವ ಕೆಲಸವನ್ನೂ ಅವರು ಬೇರೆಯವರಿಗೆ ಬಿಡುತ್ತಿರಲಿಲ್ಲ.

ಪೋಲಿಯೊದಿಂದ ಕಾಲು ಸೊರಗಿದ ಮಕ್ಕಳಿಗೆ ಕ್ಯಾಲಿಪರ್ (ಕಾಲಿಗೆ ಕಟ್ಟುವ ಆಸರೆಪಟ್ಟಿ) ಬರೆದುಕೊಡುವುದು ನನ್ನಿಂದ ಆಗುತ್ತಿತ್ತು. ಇನ್ನೊಂದು ಮಗುವಿಗೆ ಅದು ಬೇಡವಾಗುವಂತೆ ಮಾಡುವುದು ಒಂದು ಕ್ಲಿನಿಕ್ಕಿನ ಅಳವಿಗೆ ಮೀರಿದ್ದು. 2014ರ ಮಾರ್ಚ್ 27ರಂದು ಭಾರತ ಪೋಲಿಯೊಮುಕ್ತ ಎಂಬ ಪ್ರಮಾಣಪತ್ರ ಬಂದಾಗ ನಾನು ಮೊದಲು ಫೋನ್ ಮಾಡಿದ್ದು ಐಸ್ ಪ್ಲಾಂಟಿನವರಿಗೆ.

ನನಗೆ ಈಗಲೂ ನೋವಾಗುವ ಒಂದು ವಿಷಯವಿದೆ. ರೋಟರಿಯಲ್ಲಿ ಎಲ್ಲ ದೇಶಗಳ ಮಹಿಳೆಯರಿಗೂ ಸದಸ್ಯತ್ವದ ಬಾಗಿಲು ತೆರೆದದ್ದು 1989ರಲ್ಲಿ. ಆಮೇಲೂ ನಮ್ಮ ಊರಿನಲ್ಲಿ ಮನೆಮನೆಗೆ ನಡೆದು ಅಜ್ಜಿಯರನ್ನು ಒಪ್ಪಿಸಿದವರು ಸದಸ್ಯರ ಪತ್ನಿಯರು, ವೇದಿಕೆಯಲ್ಲಿ ಕುಳಿತವರು ನಾವು. ನೀವು ಸೇರಿದರೆ ದುಡಿಮೆಯ ಜೊತೆಗೆ ನಿರ್ಧಾರದಲ್ಲೂ ಪಾಲು ಕೇಳಿ.

ಮೊದಲು ಎರಡು ಮೂರು ವಾರ ಅತಿಥಿಯಾಗಿ ಹೋಗಿ. ಕಳೆದ ವರ್ಷದ ಕಣ್ಣಿನ ಶಿಬಿರದಲ್ಲಿ ಪೊರೆ ತೆಗೆಸಿಕೊಂಡವರನ್ನು ಆಮೇಲೆ ಯಾರು ವಿಚಾರಿಸಿದರು ಎಂದು ಕೇಳಿ. ಹೆಸರು ಹಿಡಿದು ಉತ್ತರಿಸುವವರಿದ್ದರೆ ಅರ್ಜಿ ಕೊಡಿ. ಇಲ್ಲವಾದರೆ ಪಕ್ಕದ ಊರಿನ ಕ್ಲಬ್‌ನಲ್ಲಿ ಇದೇ ಪ್ರಶ್ನೆ ಕೇಳಿ.