ಗಾಂಜಾ ಸೇದಿದರೆ ಕ್ರೋಮೋಸೋಮ್ ಕೆಡುತ್ತದೆಯೇ?

ಪ್ರಶ್ನೆ: ನಮ್ಮ ಮನೆಯವರು ಕಾಲೇಜಿನ ದಿನಗಳಿಂದ ಗಾಂಜಾ ಸೇದುತ್ತಾರೆ. ಈಗ ಕಡಿಮೆ ಮಾಡಿದ್ದಾರೆ, ಪೂರ್ತಿ ಬಿಟ್ಟಿಲ್ಲ. ಮಗು ಮಾಡಿಕೊಳ್ಳಬೇಕು ಅಂತಿದ್ದೇವೆ. ಗಾಂಜಾದಿಂದ ಕ್ರೋಮೋಸೋಮ್ ತುಂಡಾಗುತ್ತೆ, ಮಗುವಿಗೆ ಡೌನ್ ಸಿಂಡ್ರೋಮ್ ಬರುತ್ತೆ ಅಂತ ಅಕ್ಕ ಹೆದರಿಸಿದ್ದಾಳೆ. ಕ್ರೋಮೋಸೋಮ್ ಟೆಸ್ಟ್ ಮಾಡಿಸಬೇಕಾ ಡಾಕ್ಟ್ರೇ?
– ಓದುಗರು, ಹೊಳಲ್ಕೆರೆ

ಉತ್ತರ: ಗಾಂಜಾ ಸೇದಿದ್ದಾರೆ ಅನ್ನುವ ಒಂದೇ ಕಾರಣಕ್ಕೆ ಟೆಸ್ಟ್ ಬೇಡಮ್ಮ. ಗಾಂಜಾ ಬಿಡಿಸುವುದು ಮಾತ್ರ ಬೇಕೇ ಬೇಕು.

ಕ್ರೋಮೋಸೋಮ್ ಅಂದರೆ ನಮ್ಮ ಜೀವಕಣಗಳೊಳಗೆ ವಂಶದ ಗುಣಗಳನ್ನು ಹೊತ್ತಿರುವ ಎಳೆ. ಅಕ್ಕನ ಮಾತು ಸುಮ್ನೆ ಹುಟ್ಟಿದ್ದಲ್ಲ. ಗಾಂಜಾ ಸೇದುವವರ ರಕ್ತದಲ್ಲಿ ತುಂಡಾದ ಕ್ರೋಮೋಸೋಮ್ ಜಾಸ್ತಿ ಕಂಡಿವೆ ಎಂದು 1974ರಲ್ಲಿ ಅಮೆರಿಕದ ವೈದ್ಯರು ವರದಿ ಮಾಡಿದ್ದರು. ಈ ಪರೀಕ್ಷೆಯಲ್ಲಿ ರಕ್ತದ ಬಿಳಿ ಕಣಗಳನ್ನು ಲ್ಯಾಬಿನಲ್ಲಿ ಸುಮಾರು ಮೂರು ದಿನ ಬೆಳೆಸುತ್ತಾರೆ. ಕಣ ಎರಡಾಗುವ ಹೊತ್ತಿಗೆ ಔಷಧ ಹಾಕಿ ಅಲ್ಲೇ ತಡೆಯುತ್ತಾರೆ. ಗಾಜಿನ ಮೇಲೆ ಹನಿ ಬಿಟ್ಟು, ಬಣ್ಣ ಹಾಕಿ ನೋಡಿದರೆ ಗಿಡ್ಡ-ಉದ್ದ ಕಡ್ಡಿಗಳ ಹಾಗೆ 46 ಕ್ರೋಮೋಸೋಮ್ ಕಾಣುತ್ತವೆ. ಬಿರುಕು ಎಲ್ಲಿದೆ ಎಂದು ಒಂದೊಂದನ್ನೇ ನೋಡಿ ಎಣಿಸಬೇಕು. ಏನೂ ಸೇದದವರಲ್ಲೂ ಒಂದಿಷ್ಟು ಬಿರುಕು ಇದ್ದೇ ಇರುತ್ತದೆ. ಸಿಗರೇಟು, ಎಕ್ಸ್‌ರೇ, ಕೆಲವು ವೈರಸ್ ಸೋಂಕಿನಿಂದಲೂ ಅದು ಹೆಚ್ಚುತ್ತದೆ. ಗಾಂಜಾ ಸೇದುವವರು ಬೀಡಿ, ಸಿಗರೇಟನ್ನೂ ಸೇದುತ್ತಾರೆ ಅಲ್ವಾ? ಹಾಗಾಗಿ ಯಾವುದರಿಂದ ಆಯಿತು ಎಂದು ಹೇಳುವುದು ಕಷ್ಟ. ಆಮೇಲೆ ವೈದ್ಯರ ನಿಗಾದಲ್ಲೇ ಗಾಂಜಾ ಕೊಟ್ಟು, ಮುಂಚಿನ ರಕ್ತ, ನಂತರದ ರಕ್ತ ಎರಡನ್ನೂ ಹೋಲಿಸಿದ ಅಧ್ಯಯನಗಳಲ್ಲಿ ಬಿರುಕು ಹೆಚ್ಚಲಿಲ್ಲ.

ಹಾಗಂತ ಹೊಗೆ ಸಾಚಾ ಅಲ್ಲ. ಅಮಲು ತರುವ ಟಿಎಚ್‌ಸಿಗಿಂತ ಸುಟ್ಟಾಗ ಬರುವ ಟಾರಿನ ಬಗ್ಗೆಯೇ ನನಗೆ ಹೆಚ್ಚು ಚಿಂತೆ. ತಂಬಾಕಿನ ಹೊಗೆಯಲ್ಲಿರುವ ಬೆಂಜೋಪೈರೀನ್ ಎಂಬ ರಾಸಾಯನಿಕ ಇದರಲ್ಲೂ ಇದೆ. ಅದು ಡಿಎನ್‌ಎಗೆ ಪೆಟ್ಟು ಕೊಡುತ್ತದೆ.

ಮಗುವಿನ ವಿಷಯಕ್ಕೆ ಬರೋಣ. ರಕ್ತದ ಕಣದಲ್ಲಾದ ಬಿರುಕು ಮಗುವಿಗೆ ದಾಟುವುದಿಲ್ಲ. ದಾಟುವುದು ವೀರ್ಯಾಣು, ಅಂಡಾಣುವಿನಲ್ಲಿ ಇರುವುದು ಮಾತ್ರ. ಡೌನ್ ಸಿಂಡ್ರೋಮ್‌ನಲ್ಲಿ 21ನೇ ಕ್ರೋಮೋಸೋಮ್ ಒಂದು ಹೆಚ್ಚಿಗೆ ಇರುತ್ತದೆ. ತಾಯಿಯ ವಯಸ್ಸು ಏರಿದಷ್ಟೂ ಅದರ ಸಾಧ್ಯತೆ ಏರುತ್ತದೆ. ತಂದೆ ಗಾಂಜಾ ಸೇದಿದ್ದಕ್ಕೆ ಅದು ಬಂತು ಎನ್ನಲು ಪುರಾವೆ ಇಲ್ಲ. ಆದರೆ ಗಾಂಜಾ ವೀರ್ಯಾಣುಗಳ ಸಂಖ್ಯೆ ಕಡಿಮೆ ಮಾಡಬಹುದು. ಹೊಸ ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕು. ಅದಕ್ಕೇ ಮಗುವಿಗೆ ಪ್ರಯತ್ನಿಸುವ ಮೂರು ತಿಂಗಳು ಮೊದಲೇ ಪೂರ್ತಿ ನಿಲ್ಲಿಸಲಿ, ಬೀಡಿ-ಸಿಗರೇಟನ್ನೂ ಸೇರಿಸಿ. ನೀವು ಬಸುರಿಯಾದ ಮೇಲೆ ಮನೆಯೊಳಗೆ ಯಾವ ಹೊಗೆಯೂ ಬೇಡ.

ಪದೇಪದೇ ಗರ್ಭಪಾತವಾಗಿದ್ದರೆ, ಇಲ್ಲವೇ ಮನೆತನದಲ್ಲಿ ಕ್ರೋಮೋಸೋಮ್ ತೊಂದರೆ ಇದ್ದರೆ ಮಾತ್ರ ಟೆಸ್ಟ್ ಬಗ್ಗೆ ಸ್ತ್ರೀರೋಗ ತಜ್ಞರನ್ನು ಕೇಳಿ.

ಬಿಟ್ಟ ಮೊದಲ ಒಂದೆರಡು ವಾರ ಅವರಿಗೆ ನಿದ್ದೆ ಬರಲಿಕ್ಕಿಲ್ಲ, ಸಿಡಿಮಿಡಿ ಜಾಸ್ತಿ ಇರುತ್ತದೆ. ಆಗ ಜಗಳಕ್ಕೆ ಇಳಿಯಬೇಡಿ. ಚಿತ್ರದುರ್ಗದ ಜಿಲ್ಲಾಸ್ಪತ್ರೆಯ ಮಾನಸಿಕ ವಿಭಾಗಕ್ಕೆ ಇಬ್ಬರೂ ಹೋಗಿ ಬನ್ನಿ. ಹೋಗಲು ಸಂಕೋಚ ಅನಿಸಿದರೆ ಮೊದಲು 14446ಕ್ಕೆ ಅವರೇ ಫೋನ್ ಮಾಡಲಿ. ಚಟ ಬಿಡಿಸಲೆಂದೇ ಇರುವ ಉಚಿತ ಸಹಾಯವಾಣಿ ಅದು.