ಘಾಟಿ ಹತ್ತಿದ ಮೇಲೆ ಕಾಲುನೋವು: ಸೈಕಲ್ ಸವಾರರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಭಾನುವಾರ ಕುಶಾಲನಗರದಿಂದ ಮಡಿಕೇರಿಗೆ ಸೈಕಲ್‌ನಲ್ಲಿ ಹೋಗಿ ಬಂದೆ. ಹಳೇ ರೋಡ್ ಬೈಕು. ಮುಂದಿನ ಚಿಕ್ಕ ಚೈನ್‌ರಿಂಗಿಗೆ (ಪೆಡಲಿನ ಬಳಿಯ ಹಲ್ಲುಚಕ್ರಕ್ಕೆ) 39 ಹಲ್ಲು, ಹಿಂದಿನ ದೊಡ್ಡ ಗೇರಿಗೆ 25. ಅವತ್ತು ಏನೂ ಅನ್ನಿಸಲಿಲ್ಲ. ಮಂಗಳವಾರ ಮೆಟ್ಟಿಲು ಇಳಿಯಲಾಗದಷ್ಟು ತೊಡೆ ನೋವು. ಲ್ಯಾಕ್ಟಿಕ್ ಆಸಿಡ್ ತುಂಬಿದೆ, ಮೂರು ದಿನ ಸೈಕಲ್ ಮುಟ್ಟಬೇಡ ಅಂತಾರೆ ಗೆಳೆಯರು. ನಿಜವೇ?
– ಓದುಗರು, ಕೂಡಿಗೆ

ಉತ್ತರ: ಲ್ಯಾಕ್ಟಿಕ್ ಆಸಿಡ್ ಮೇಲೆ ಈ ಅಪವಾದ ಹಳೆಯದು. ಸವಾರಿ ನಿಲ್ಲಿಸಿದ ಒಂದೆರಡು ಗಂಟೆಯೊಳಗೆ ಅದು ರಕ್ತದಿಂದ ಖಾಲಿಯಾಗಿರುತ್ತದೆ, ಮಂಗಳವಾರದವರೆಗೆ ಕಾಯುವುದಿಲ್ಲ. ರೂಢಿಯಿಲ್ಲದ ಭಾರ ಬಿದ್ದಾಗ ಸ್ನಾಯುವಿನ ಎಳೆಗಳಲ್ಲಿ ಸೂಕ್ಷ್ಮವಾದ ಬಿರುಕು ಬೀಳುತ್ತದೆ. ಅದರ ದುರಸ್ತಿ ನಡೆಯುವಾಗ ಬರುವ ಉರಿಯೂತವೇ ನಿಮ್ಮ ನೋವು. ಅದು ಏರುವುದು 24ರಿಂದ 72 ಗಂಟೆಯ ನಡುವೆ, ಸಾಮಾನ್ಯವಾಗಿ ನಾಲ್ಕೈದು ದಿನದಲ್ಲಿ ಇಳಿದುಹೋಗುತ್ತದೆ.

ನಿಮ್ಮ ಪತ್ರದಲ್ಲಿ ನಮ್ಮ ಕಣ್ಣಿಗೆ ಬಿದ್ದದ್ದು ಗೇರಿನ ಲೆಕ್ಕ. ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕಾದಾಗ ಈ ನೋವು ಹೆಚ್ಚು. ಬೆಟ್ಟ ಇಳಿದು ನಡೆದವರಿಗೆ ಇದು ಚೆನ್ನಾಗಿ ಗೊತ್ತು. ಪೆಡಲ್ ತುಳಿತದಲ್ಲಿ ಅಂಥ ಕೆಲಸ ಕಡಿಮೆ. ಆದರೂ ಇಷ್ಟು ನೋವು ಬಂದಿದೆ ಎಂದರೆ ಒಂದೊಂದು ತುಳಿತಕ್ಕೂ ಮಿತಿಮೀರಿ ಬಲ ಹಾಕಿದ್ದೀರಿ. ಏರಿನಲ್ಲಿ ಗಂಟೆಗೆ 8 ಕಿ.ಮೀ. ವೇಗ ಎಂದುಕೊಳ್ಳಿ. 39–25ರಲ್ಲಿ ಆ ವೇಗಕ್ಕೆ ನಿಮಿಷಕ್ಕೆ ಸುಮಾರು 41 ಸುತ್ತು ತುಳಿಯಬೇಕು. ಮುಂದೆ 34, ಹಿಂದೆ 32 ಇದ್ದರೆ 60 ಸುತ್ತು. ವೇಗ ಅದೇ, ಆದರೆ ನಿಮ್ಮ ಗೇರಿನಲ್ಲಿ ಪ್ರತಿ ತುಳಿತಕ್ಕೆ ಹೆಚ್ಚುಕಡಿಮೆ ಒಂದೂವರೆ ಪಟ್ಟು ಬಲ. ಎಣ್ಣೆ ತಿಕ್ಕಿ ಪ್ರಯೋಜನವಿಲ್ಲ, ಗೇರ್ ಬದಲಿಸಿ.

ಅಂಗಡಿಗೆ ಹೋಗುವ ಮುನ್ನ ಎರಡು ವಿಷಯ ನೋಡಿಕೊಳ್ಳಿ. 39 ಹಲ್ಲಿನ ಹಳೇ ಕ್ರ್ಯಾಂಕಿನಲ್ಲಿ (ಪೆಡಲಿನ ತೋಳಿನಲ್ಲಿ) ಸಾಮಾನ್ಯವಾಗಿ ಚೈನ್‌ರಿಂಗ್ ಕೂರಿಸುವ ಬೋಲ್ಟುಗಳ ವೃತ್ತದ ವ್ಯಾಸ 130 ಮಿ.ಮೀ. ಇರುತ್ತದೆ, ಅದಕ್ಕೆ 34ರ ಚೈನ್‌ರಿಂಗ್ ಕೂರುವುದಿಲ್ಲ, ಕ್ರ್ಯಾಂಕ್‌ಸೆಟ್ಟನ್ನೇ ಬದಲಿಸಬೇಕಾಗುತ್ತದೆ. ಹಿಂದೆ 32ರ ಕ್ಯಾಸೆಟ್ (ಹಿಂಚಕ್ರದ ಗೇರುಗಳ ಗೊಂಚಲು) ಹಾಕಿದರೆ, ಚೈನನ್ನು ಗೇರಿನಿಂದ ಗೇರಿಗೆ ದಾಟಿಸುವ ಡಿರೇಲರ್ ಹಳೆಯದಾಗಿ, ಚೈನ್ ಹಿಡಿಯುವ ಅದರ ತೋಳು (ಕೇಜ್) ಗಿಡ್ಡವಿದ್ದರೆ ಸಾಮಾನ್ಯವಾಗಿ ತಾಳುವುದಿಲ್ಲ, ಚೈನೂ ಗಿಡ್ಡವಾಗುತ್ತದೆ. ಅದೇ ಗಿಡ್ಡ ಚೈನಿನಲ್ಲಿ ಮುಂದೆ ದೊಡ್ಡದು, ಹಿಂದೆ ದೊಡ್ಡದು ಹಾಕಿದ ದಿನ ಡಿರೇಲರ್ ಮುರಿದು ಕೈಗೆ ಬರುತ್ತದೆ.

ಮೂರು ದಿನ ಮಲಗಬೇಕಿಲ್ಲ. ಮರುದಿನವೇ 20–30 ನಿಮಿಷ ಹಗುರ ಗೇರಿನಲ್ಲಿ, ನಿಮಿಷಕ್ಕೆ 85–90 ಸುತ್ತಿನಂತೆ, ಮಾತಾಡುತ್ತಾ ಹೋಗುವಷ್ಟು ನಿಧಾನವಾಗಿ ತುಳಿಯಿರಿ. ಬಿಗಿತ ಸಡಿಲವಾಗುತ್ತದೆ. ಸಮತಟ್ಟು ರಸ್ತೆ ಸಿಗದೆ ಒದ್ದಾಡುವ ಮಡಿಕೇರಿಯವರಿಗಿಂತ ನೀವು ಅದೃಷ್ಟವಂತರು. ಕೂಡಿಗೆ–ಹೆಬ್ಬಾಲೆ ಕಡೆ ದೊಡ್ಡ ಏರಿಲ್ಲ. ಸವಾರಿಯ ನಂತರ ಸ್ನಾಯು ಎಳೆಯುವ ವ್ಯಾಯಾಮ ಹಿತ ಕೊಡಬಹುದು, ಆದರೆ ಮರುದಿನದ ನೋವನ್ನು ಹೆಚ್ಚೇನೂ ತಗ್ಗಿಸುವುದಿಲ್ಲ. ಹಗುರ ಮಸಾಜಿನಿಂದ ಸ್ವಲ್ಪ ಆರಾಮ ಸಿಗುತ್ತದೆ. ಗಟ್ಟಿಯಾಗಿ ಒತ್ತಿಸಿಕೊಂಡರೆ ನೋವು ಹೆಚ್ಚುತ್ತದೆ, ಅಷ್ಟೆ.

ಪ್ರಶ್ನೆ: ಮೊದಲ ದಿನ ಮಡಿಕೇರಿಯಿಂದ ತಲಕಾವೇರಿ, ರಾತ್ರಿ ಭಾಗಮಂಡಲದಲ್ಲಿ ವಾಸ, ಮರುದಿನ ವಾಪಸ್. ನನ್ನ ತೂಕ 60 ಕೆ.ಜಿ. ಮರುದಿನಕ್ಕೆ ಕಾಲು ಸರಿಯಾಗಬೇಕಾದರೆ ಏನು ತಿನ್ನಬೇಕು?
– ಓದುಗರು, ಸುಂಟಿಕೊಪ್ಪ

ಉತ್ತರ: ಒಂದೇ ದಿನದ ಸವಾರಿಯಾದರೆ ಮಾಮೂಲಿ ಊಟ ಸಾಕು ಎನ್ನುತ್ತಿದ್ದೆವು. ಮರುದಿನ ಮತ್ತೆ ತುಳಿಯಬೇಕಾದ್ದರಿಂದ ಗಡಿಯಾರ ನೋಡಲೇಬೇಕು. ಸೈಕಲ್ ಇಳಿದ ಮೊದಲ ನಾಲ್ಕು ಗಂಟೆ, ಗಂಟೆಗೆ ಕೆ.ಜಿ. ತೂಕಕ್ಕೆ 1 ಗ್ರಾಂ ಶರ್ಕರಪಿಷ್ಟ (ಕಾರ್ಬೋಹೈಡ್ರೇಟ್), ಅಂದರೆ ನಿಮಗೆ ಗಂಟೆಗೆ 60 ಗ್ರಾಂ. ಬೇಯಿಸಿದ 100 ಗ್ರಾಂ ಅನ್ನದಲ್ಲಿ ಸುಮಾರು 28 ಗ್ರಾಂ, ಮಧ್ಯಮ ಗಾತ್ರದ ಬಾಳೆಹಣ್ಣಿನಲ್ಲಿ 25 ಗ್ರಾಂ ಸಿಗುತ್ತದೆ. ಕಡಂಬುಟ್ಟು, ನೂಪುಟ್ಟು, ಅಕ್ಕಿ ಒಟ್ಟಿ ಎಲ್ಲವೂ ಅಕ್ಕಿಯೇ, ಚೆನ್ನಾಗಿ ಒಗ್ಗುತ್ತವೆ. ಜೊತೆಗೆ 20–25 ಗ್ರಾಂ ಪ್ರೋಟೀನ್: ಮೂರು ಬೇಯಿಸಿದ ಮೊಟ್ಟೆ, ಒಂದು ದೊಡ್ಡ ಲೋಟ ಹಾಲು. ಪಂದಿಕರಿ ಬೇಡವೆನ್ನುವುದಿಲ್ಲ. ಆದರೆ ಇಳಿದ ಕೂಡಲೇ ಅದರಿಂದ ಶುರುಮಾಡಿದರೆ ಕೊಬ್ಬಿನಿಂದ ಹೊಟ್ಟೆ ತುಂಬಿ ಅನ್ನಕ್ಕೆ ಜಾಗವಿರುವುದಿಲ್ಲ. ಮೊದಲು ಹಣ್ಣು, ಹಾಲು. ರಾತ್ರಿ ಊಟಕ್ಕೆ ಕರಿ. ಮನೆ ವೈನಿನ ಬಾಟಲಿ ಮಾತ್ರ ಎರಡನೇ ದಿನ ಮುಗಿದ ಮೇಲೆ ತೆರೆಯಿರಿ. ನಿದ್ದೆಯನ್ನೂ ಸ್ನಾಯುವಿನ ದುರಸ್ತಿಯನ್ನೂ ಅದು ಕೆಡಿಸುತ್ತದೆ.

ನೀರಿನ ವಿಚಾರದಲ್ಲಿ ಕೊಡಗಿನ ತಂಪು ಮೋಸ ಮಾಡುತ್ತದೆ: ದಾಹ ಕಡಿಮೆ, ಬೆವರು ಕಡಿಮೆಯಿಲ್ಲ. ಹೊರಡುವ ಮುನ್ನ ಮತ್ತು ಬಂದ ಮೇಲೆ ತೂಕ ನೋಡಿ. ಕಳೆದ ಪ್ರತಿ ಕೆ.ಜಿ.ಗೆ ಒಂದೂವರೆ ಲೀಟರು, ಉಪ್ಪು ಹಾಕಿದ ಮಜ್ಜಿಗೆ ಅಥವಾ ಗಂಜಿಯೊಂದಿಗೆ, ಹಲವು ಗಂಟೆಗಳಲ್ಲಿ ಹಂಚಿ ಕುಡಿಯಿರಿ. ಒಂದೇ ಸಲ ಬರೀ ನೀರು ಸುರಿದುಕೊಳ್ಳಬೇಡಿ. ತಲಕಾವೇರಿಯ ಎತ್ತರ 1276 ಮೀಟರ್. ಭಾಗಮಂಡಲಕ್ಕೆ 8 ಕಿ.ಮೀ. ಇಳಿಜಾರು, ತುಳಿತವಿಲ್ಲ, ಮೈಮೇಲೆ ಒದ್ದೆ ಬಟ್ಟೆ, ಎದುರು ಗಾಳಿ. ಕಾಲು ಮರಗಟ್ಟುವುದು ಅಲ್ಲೇ. ಮೇಲೆಯೇ ಒಣ ಬನಿಯನ್ ಹಾಕಿ, ವಿಂಡ್‌ಚೀಟರ್ ಇಲ್ಲದಿದ್ದರೆ ಎದೆಗೆ ದಿನಪತ್ರಿಕೆ ಮಡಚಿಟ್ಟುಕೊಳ್ಳಿ.

ಪ್ರಶ್ನೆ: ವಯಸ್ಸು 52. ಸವಾರಿಯಾದ ಮೇಲೆ ನೋವಿನ ಮಾತ್ರೆ ನುಂಗಬಹುದೇ? ಐಸ್ ಇಡಬೇಕೋ, ಬಿಸಿ ಶಾಖವೋ?
– ಓದುಗರು, ವಿರಾಜಪೇಟೆ

ಉತ್ತರ: ಐಬುಪ್ರೊಫೆನ್, ಡೈಕ್ಲೋಫಿನಾಕ್ ಜಾತಿಯ ಮಾತ್ರೆ ಬೇಡ. ನೀರು ಕಡಿಮೆಯಾದ ದೇಹದಲ್ಲಿ ಅವು ಮೂತ್ರಪಿಂಡಕ್ಕೆ ಹೊಡೆತ ಕೊಡಬಲ್ಲವು. ಬಿಪಿ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಮುಟ್ಟಲೇಬಾರದು. ಬಿದ್ದು ಊದಿಕೊಂಡ ಜಾಗಕ್ಕೆ ಬಟ್ಟೆ ಸುತ್ತಿದ ಐಸ್, 15 ನಿಮಿಷ. ಬರೀ ಮೈಕೈ ನೋವಿಗೆ ಹಂಡೆಯ ಬಿಸಿನೀರಿನ ಸ್ನಾನ.

ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗಿದರೆ, ಸ್ನಾಯು ಊದಿ ಬಲ ಕಳೆದುಕೊಂಡರೆ, ಇಲ್ಲವೇ ಒಂದೇ ಕಾಲಿನ ಮೀನಖಂಡ ಊದಿ ಬಿಸಿಯಾಗಿ ನೋಯುತ್ತಿದ್ದರೆ ಅದು ಸವಾರಿಯ ಮಾಮೂಲಿ ನೋವಲ್ಲ. ಅದೇ ದಿನ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ತೊಡೆ ನೋವಿಲ್ಲ, ಮಂಡಿಯ ಮುಂಭಾಗ ಮಾತ್ರ ನೋಯುತ್ತದೆ.
– ಓದುಗರು, ಪೊನ್ನಂಪೇಟೆ

ಉತ್ತರ: ಸೀಟು ಕೆಳಗಿದ್ದರೆ ಹೀಗಾಗುವುದೇ ಹೆಚ್ಚು. ಮಂಡಿಯ ಹಿಂಭಾಗ ನೋಯುವವರ ಸೀಟು ಹೆಚ್ಚಾಗಿ ಮೇಲಿರುತ್ತದೆ. ಗೋಡೆ ಹಿಡಿದು ಸೀಟಿನ ಮೇಲೆ ಕೂತು, ಪೆಡಲನ್ನು ತೀರಾ ಕೆಳಗೆ ತಂದು ಅದರ ಮೇಲೆ ಹಿಮ್ಮಡಿ ಇಡಿ. ಸೊಂಟ ವಾಲದೆ ಕಾಲು ನೆಟ್ಟಗಾಗಬೇಕು. ಮುಂಗಾಲಿನಲ್ಲಿ ತುಳಿಯುವಾಗ ಮಂಡಿಯಲ್ಲಿ ಸಣ್ಣ ಬಾಗು ತಾನಾಗಿ ಉಳಿಯುತ್ತದೆ. ಒಂದು ಸಲಕ್ಕೆ 3–5 ಮಿ.ಮೀ.ಗಿಂತ ಹೆಚ್ಚು ಏರಿಸಬೇಡಿ. ಹಳೇ ಎತ್ತರಕ್ಕೆ ಸೀಟ್‌ಪೋಸ್ಟಿನ ಮೇಲೆ ಟೇಪ್ ಸುತ್ತಿಡಿ, ಎರಡು ಮೂರು ಸವಾರಿ ನೋಡಿ, ಬೇಕಿದ್ದರೆ ಮತ್ತೆ ಏರಿಸಿ.