ರಾತ್ರಿ ಒಂಬತ್ತರಿಂದ ನಾಲ್ಕು: ಒಬ್ಬ ಗೇಮ್ ಸ್ಟ್ರೀಮರ್‌ನ ಪ್ರಕರಣ

ಮಗನಿಗೆ ಮೊಬೈಲ್ ಗೇಮಿನ ಚಟ ಹತ್ತಿದೆ, ಹೇಗಾದರೂ ಬಿಡಿಸಿ ಕೊಡಿ. ಡೊಂಬಿವಲಿಯಿಂದ ನನ್ನ ಹತ್ತಿರ ಕೌನ್ಸೆಲಿಂಗಿಗೆ ಬಂದ ಅಪ್ಪ ಅಮ್ಮ ಮೊದಲು ಹೇಳಿದ್ದು ಇಷ್ಟೇ. ಕುಂದಾಪುರ ಕಡೆಯವರು. ಅಪ್ಪನಿಗೆ ಮುಂಬೈಯ ಒಂದು ಹೋಟೆಲಿನಲ್ಲಿ ಪಾಲು ಇದೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಮನೆಯವರು ಮೂವರೂ ಒಪ್ಪಿದ್ದಾರೆ. ಹುಡುಗನನ್ನು ಇಲ್ಲಿ ಚೇತನ್ ಎನ್ನೋಣ. ವಯಸ್ಸು 24.

"ರಾತ್ರಿ ಒಂಬತ್ತಕ್ಕೆ ಬಾಗಿಲು ಹಾಕಿದರೆ ಬೆಳಗಿನ ಜಾವ ನಾಲ್ಕಕ್ಕೆ ತೆಗೀತಾನೆ ಮೇಡಂ" ಎಂದರು ಅಮ್ಮ. "ಒಳಗೆ ಕೂತು ಹಿಂದಿಯಲ್ಲಿ ಕೂಗ್ತಾನೆ, ನಗ್ತಾನೆ. ಊಟಕ್ಕೆ ಕೂತರೆ ನಮ್ಮ ಹತ್ರ ಒಂದು ಮಾತಿಲ್ಲ. ಎಂತ ಆಯ್ತೋ ಅವನಿಗೆ." ಮಧ್ಯರಾತ್ರಿಯ ಗಲಾಟೆಗೆ ಸೊಸೈಟಿ ಸೆಕ್ರೆಟರಿ ಎರಡು ಸಲ ಬಾಗಿಲು ತಟ್ಟಿ ಹೋಗಿದ್ದರಂತೆ. ಬಿ.ಕಾಂ. ಮೂರನೇ ವರ್ಷಕ್ಕೆ ನಿಂತಿದೆ. ಊರಿನವರು ಕೇಳಿದರೆ "ಕಂಪ್ಯೂಟರ್ ಕೆಲಸ" ಎಂದು ಹೇಳಿ ಮಾತು ಮುಗಿಸುತ್ತಾರೆ.

ಅವರು ಹೇಳದೆ ಬಿಟ್ಟಿದ್ದನ್ನು ಚೇತನ್ ಹೇಳಿದ. ಅವನು ಸ್ಟ್ರೀಮರ್, ತಾನು ಆಟ ಆಡುವುದನ್ನು ಯೂಟ್ಯೂಬಿನಲ್ಲಿ ಲೈವ್ ತೋರಿಸಿ ದುಡಿಯುತ್ತಾನೆ. ಮನೆಯ ಸಾಲದ ಕಂತು ಕಟ್ಟುತ್ತಿರುವುದು ಅವನೇ. ಲಾಕ್‌ಡೌನ್ ಕಾಲದಲ್ಲಿ ಹೋಟೆಲ್ ಮುಚ್ಚಿದಾಗ ಶುರುವಾದದ್ದು, ಆಮೇಲೆ ನಿಲ್ಲಲೇ ಇಲ್ಲ. ಅಪ್ಪನಿಗೆ ಗೊತ್ತು, ಅಮ್ಮನಿಗೆ ಅರ್ಧ ಗೊತ್ತು. ಒಟ್ಟಿನಲ್ಲಿ ಯಾವುದನ್ನು ಚಟ ಎಂದು ಕರೆಯುತ್ತಿದ್ದರೋ ಅದರ ದುಡ್ಡಿನಲ್ಲೇ ಮನೆ ನಿಂತಿತ್ತು. ಈ ಪ್ರಕರಣದ ಗಂಟು ಇದ್ದದ್ದು ಇಲ್ಲಿ. ಮನೆಯಲ್ಲಿ ಯಾರೂ ಇದನ್ನು ಕೆಲಸ ಎಂದು ಒಪ್ಪಿರಲಿಲ್ಲ, ಅವನೂ ಪೂರ್ತಿ ಒಪ್ಪಿರಲಿಲ್ಲ. ಕೆಲಸ ಅಲ್ಲದ್ದಕ್ಕೆ ರಜೆ ಕೇಳುವುದು ಹೇಗೆ?

ಚಟವೋ ಅಲ್ಲವೋ ಎಂಬುದನ್ನು ಮೊದಲು ನೋಡಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ 11ನೇ ಆವೃತ್ತಿ 2022ರ ಜನವರಿಯಿಂದ ಜಾರಿಯಲ್ಲಿದೆ. ಅದರಲ್ಲಿ ಗೇಮಿಂಗ್ ಡಿಸಾರ್ಡರ್ ಒಂದು ಕಾಯಿಲೆ. ಆಟದ ಮೇಲೆ ಹಿಡಿತ ತಪ್ಪಿರಬೇಕು, ಬೇರೆಲ್ಲಕ್ಕಿಂತ ಆಟವೇ ಮುಂದೆ ಬಂದಿರಬೇಕು, ಹಾನಿ ಕಣ್ಣಿಗೆ ಕಂಡರೂ ಬಿಡಲಾಗದೆ ಇರಬೇಕು. ಇದೆಲ್ಲ ಸಾಮಾನ್ಯವಾಗಿ ವರ್ಷದ ಕಾಲ ಕಾಣಿಸಬೇಕು. ಎಷ್ಟು ಗಂಟೆ ಆಡುತ್ತಾರೆ ಎಂಬುದೊಂದೇ ಲೆಕ್ಕಕ್ಕೆ ಬರುವುದಿಲ್ಲ.

"ಲೈವ್ ಇಲ್ಲದಾಗ ಸುಮ್ನೆ ಖುಷಿಗೆ ಆಡಿದ್ದು ಯಾವಾಗ?" ಎಂದು ಕೇಳಿದೆ. ಅವನು ತುಂಬಾ ಹೊತ್ತು ಯೋಚಿಸಿದ. "ನೆನಪಿಲ್ಲ ಅಕ್ಕ. ಸ್ಟ್ರೀಮ್ ಆಫ್ ಆದ ಮೇಲೆ ಆ ಗೇಮಿನ ಮ್ಯೂಸಿಕ್ ಕೇಳಿದರೂ ತಲೆನೋವು ಬರುತ್ತೆ." ಚಟ ಹತ್ತಿದವನು ಕೊಡುವ ಉತ್ತರ ಇದಲ್ಲ. ಆದರೆ ನಿದ್ದೆ ಕೆಟ್ಟಿತ್ತು, ಎದೆ ಬಿಗಿಯುತ್ತಿತ್ತು, ಬಲ ಮಣಿಕಟ್ಟು ನೋಯುತ್ತಿತ್ತು. ಎದೆಯ ವಿಷಯ ಮನಸ್ಸಿನದೇ ಇರಬಹುದು ಎಂದು ನಾನೇ ತೀರ್ಮಾನಿಸುವಂತಿಲ್ಲ, ಅವರ ಫ್ಯಾಮಿಲಿ ಡಾಕ್ಟರ ಹತ್ತಿರ ಕಳಿಸಿದೆ. ಇಸಿಜಿ ಸರಿಯಿತ್ತು. ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿ ಕೇಳಿದೆ. ಇಲ್ಲ, ಒಂದು ವಾರ ಯಾರ ಕಣ್ಣಿಗೂ ಬೀಳದೆ ಮಲಗಬೇಕು ಅನ್ನಿಸುತ್ತದೆ ಎಂದ. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಅನ್ನು ಅವನ ಫೋನಿನಲ್ಲಿ ಸೇವ್ ಮಾಡಿಸಿದೆ. ನಡುರಾತ್ರಿ ಎರಡಕ್ಕೆ ನಾನು ಸಿಗುವುದಿಲ್ಲ, ಅದು ಸಿಗುತ್ತದೆ.

ಈ ಹುಡುಗನ ಭಯ ಅರ್ಥವಾಗಬೇಕಾದರೆ ಅವನ ಕೆಲಸದ ಚರಿತ್ರೆ ಗೊತ್ತಿರಬೇಕು. ಅವನು ಲೈವ್ ಶುರು ಮಾಡಿದ್ದು 2020ರಲ್ಲಿ, ಪಬ್‌ಜಿ ಮೊಬೈಲ್ ಆಡುತ್ತಾ. ಅದೇ ವರ್ಷ ಸೆಪ್ಟೆಂಬರ್ 2ರಂದು ಸರ್ಕಾರ ನಿಷೇಧಿಸಿದ 118 ಆ್ಯಪ್‌ಗಳಲ್ಲಿ ಅದೂ ಒಂದು. 2021ರ ಜುಲೈಯಲ್ಲಿ ಬಿಜಿಎಂಐ ಎಂಬ ಹೆಸರಿನಲ್ಲಿ ಆಟ ವಾಪಸ್ ಬಂತು. 2022ರ ಜುಲೈ ಕೊನೆಗೆ ಮತ್ತೆ ಬಂದ್. 2023ರ ಮೇ ತಿಂಗಳಲ್ಲಿ ಮತ್ತೆ ಚಾಲೂ. ಆ ನಡುವಿನ ಹತ್ತು ತಿಂಗಳು ಅವನು ಬೇರೆ ಬೇರೆ ಆಟ ಆಡಿ ನೋಡಿದ. ಜನ ಬರಲಿಲ್ಲ. ಅವರು ಅಭಿಮಾನಿಗಳಾಗಿದ್ದದ್ದು ಆಟಕ್ಕೋ ತನಗೋ ಎಂಬ ಪ್ರಶ್ನೆ ಆಗ ಹೊಕ್ಕಿದ್ದು, ಇನ್ನೂ ಹೋಗಿಲ್ಲ. ಕಂತು ಮಾತ್ರ ಪ್ರತಿ ತಿಂಗಳು ಐದನೇ ತಾರೀಕಿಗೆ ಬರುತ್ತಿತ್ತು.

ಅದಕ್ಕೇ ಈಗ ಒಂದು ದಿನವೂ ತಪ್ಪಿಸುವುದಿಲ್ಲ. ನಿಂಜಾ ಎಂಬ ಹೆಸರಿನ ಅಮೆರಿಕದ ಸ್ಟ್ರೀಮರ್ 2018ರಲ್ಲಿ ಎರಡು ದಿನ ರಜೆ ಮಾಡಿ 40,000 ಚಂದಾದಾರರನ್ನು ಕಳೆದುಕೊಂಡೆ ಎಂದು ಹೇಳಿಕೊಂಡಿದ್ದನಲ್ಲ, ಆ ಕಥೆ ಚೇತನ್‌ಗೆ ಬಾಯಿಪಾಠ. "ಅಂಥವನಿಗೇ ಹಾಗಾದರೆ ನನ್ನ ಗತಿ?" ನಾನು ಅದೇ ಮನುಷ್ಯನ ಉಳಿದ ಕಥೆ ಕೇಳಿದೆ. 2019ರಲ್ಲಿ ಅವನು ಟ್ವಿಚ್ ಎಂಬ ಸ್ಟ್ರೀಮಿಂಗ್ ತಾಣ ಬಿಟ್ಟು ಅಂಥದ್ದೇ ಇನ್ನೊಂದು ತಾಣ, ಮೈಕ್ರೋಸಾಫ್ಟಿನ ಮಿಕ್ಸರ್‌ಗೆ ಹೋದ. ಒಂದು ವರ್ಷ ತುಂಬುವ ಮೊದಲೇ ಮಿಕ್ಸರ್ ಮುಚ್ಚಿತು. ಅವನು ಟ್ವಿಚ್‌ಗೆ ವಾಪಸ್ ಬಂದ, ಜನ ನೋಡಿದರು. ಇದು ಚೇತನ್‌ಗೆ ಗೊತ್ತಿತ್ತು. ಆದರೆ ಭಯ ಹುಟ್ಟಿಸುವ ಅರ್ಧವನ್ನಷ್ಟೇ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ. ಆತಂಕದಲ್ಲಿರುವವರು ಸಾಮಾನ್ಯವಾಗಿ ಹೀಗೇ ಮಾಡುತ್ತಾರೆ.

ಆದಾಯದ ಬಗ್ಗೆಯೂ ಸ್ವಲ್ಪ ಹೇಳಬೇಕು. ಯೂಟ್ಯೂಬಿನಲ್ಲಿ ಲೈವ್ ನೋಡುವವರು ಯಾರಾದರೂ ಮೆಸೇಜ್ ಜೊತೆ 100 ರೂಪಾಯಿ, ಅಂದರೆ ಸೂಪರ್‌ಚಾಟ್ ಕಳಿಸಿದರೆ ತೆರಿಗೆ, ಶುಲ್ಕ ಕಳೆದು ಉಳಿದದ್ದರಲ್ಲಿ ನೂರಕ್ಕೆ 70 ಭಾಗ ಸ್ಟ್ರೀಮರ್‌ಗೆ. ಜಾಹೀರಾತಿನಲ್ಲಿ 55 ಭಾಗ. ಇದರ ಮೇಲೆ ಯುಪಿಐ ಡೊನೇಷನ್ ಮತ್ತು ಸ್ಪಾನ್ಸರ್. ಚೇತನ್‌ಗೆ ಜಾಸ್ತಿ ಬರುತ್ತಿದ್ದದ್ದು ಸ್ಪಾನ್ಸರ್‌ಗಳಿಂದ. ಅದನ್ನು ತರುತ್ತಿದ್ದದ್ದು ಒಂದು ಏಜೆನ್ಸಿ. ತಿಂಗಳಿಗೆ ಇಷ್ಟು ಗಂಟೆ ಲೈವ್ ಇರಲೇಬೇಕು, ಕಡಿಮೆಯಾದರೆ ದುಡ್ಡು ಕಡಿತ ಎಂಬ ಷರತ್ತು ಕರಾರಿನಲ್ಲಿತ್ತು. ಸಹಿ ಹಾಕುವಾಗ ಓದಿದ್ದೆಯಾ ಎಂದರೆ ನಕ್ಕ. 21ರ ವಯಸ್ಸಿನಲ್ಲಿ ಯಾರು ಓದುತ್ತಾರೆ ಹೇಳಿ.

ಮಾತುಕತೆಯಲ್ಲಿ ಜಾಸ್ತಿ ಸಮಯ ಹಿಡಿದದ್ದು ಎರಡು ವಿಷಯ.

ಒಂದು, ಅವನ ಲೈವ್ ದನಿ. ಮೈಕ್ ಮುಂದೆ ಅವನು ಜೋರು, ತಮಾಷೆಗಾರ, ಯಾರು ಬೈದರೂ ನಗುವವನು. ಏಳು ಗಂಟೆ ಹಾಗೆ ಇದ್ದು ಹೊರಗೆ ಬಂದರೆ ಮಾತೇ ಖಾಲಿ. ಡೊನೇಷನ್ ಜೊತೆ ಬರುವ ಮೆಸೇಜನ್ನು ಕಂಪ್ಯೂಟರ್ ಗಟ್ಟಿಯಾಗಿ ಓದುತ್ತದೆ. ಒಂದು ರಾತ್ರಿ ಯಾರೋ ಇಪ್ಪತ್ತು ರೂಪಾಯಿ ಕೊಟ್ಟು ಅವನ ಅಮ್ಮನ ಬಗ್ಗೆ ಹೊಲಸು ಬರೆದರು. ಯಂತ್ರದ ದನಿ ಅದನ್ನು ಓದಿತು. ಇವನು ರೂಢಿಯಂತೆ ನಕ್ಕು "ಥ್ಯಾಂಕ್ಯೂ ಭಾಯ್" ಎಂದ. ಬಾಗಿಲಾಚೆ ಅಮ್ಮ ಹಾಲು ಹಿಡಿದು ನಿಂತಿದ್ದರು. ಮೂವತ್ತು ವರ್ಷ ಮುಂಬೈಯಲ್ಲಿದ್ದವರಿಗೆ ಆ ಹಿಂದಿ ಅರ್ಥವಾಗದೆ ಇರುತ್ತದಾ? ಅಂದಿನಿಂದ ಅವರು ಅವನ ಹತ್ತಿರ ಮಾತು ಕಡಿಮೆ ಮಾಡಿದರು. ಅವನು ತನ್ನ ಕೆಲಸ ಅಮ್ಮನಿಗೆ ಇಷ್ಟವಿಲ್ಲ ಎಂದುಕೊಂಡ. ಇಬ್ಬರನ್ನೂ ಒಟ್ಟಿಗೆ ಕೂರಿಸಿದಾಗ ಅಮ್ಮ ಕೇಳಿದ್ದು ಒಂದೇ: "ನನ್ನನ್ನು ಬೈದವನಿಗೆ ಥ್ಯಾಂಕ್ಯೂ ಯಾಕೆ ಹೇಳಿದೆ?" ಚೇತನ್ ಅತ್ತ. ನಾನು ನಡುವೆ ಬಾಯಿ ಹಾಕಲಿಲ್ಲ.

ಮರುದಿನವೇ ಮೆಸೇಜ್ ಓದುವ ಯಂತ್ರ ಬಂದ್ ಮಾಡಲು ಹೇಳಿದೆ. ಡೊನೇಷನ್ ಮೆಸೇಜನ್ನು ಮೊದಲು ಮಾಡರೇಟರ್, ಅಂದರೆ ಚಾಟ್ ಮೇಲೆ ಕಣ್ಣಿಡುವವನು, ನೋಡಿ ಬಿಡಬೇಕು. ಹಿಂದಿ, ಮರಾಠಿ, ಇಂಗ್ಲಿಷ್ ಬೈಗುಳಗಳ ಪಟ್ಟಿಯನ್ನು ಚಾಟ್ ಫಿಲ್ಟರ್‌ಗೆ ಹಾಕಬೇಕು. ಬೈದವನಿಗೆ ಉತ್ತರ ಬೇಡ, ಬ್ಲಾಕ್ ಸಾಕು. ಬೈಗುಳ ಬಂದಾಗ ಚಾಟ್ ಓಡುತ್ತದೆ, ದುಡ್ಡು ಬರುತ್ತದೆ ಎಂದು ಅವನು ವಾದಿಸಿದ. ನಿಜ, ಬರುತ್ತದೆ. ಆ ದುಡ್ಡು ಬಿಡು ಎಂದೆ.

ಇನ್ನೊಂದು ವಿಷಯ ಒಬ್ಬ ವೀಕ್ಷಕನದು. ದಿನಾ ಐನೂರು, ಸಾವಿರ ಕಳಿಸುತ್ತಿದ್ದ. ಪ್ರತಿ ಸಲ ಚೇತನ್ ಅವನ ಹೆಸರು ಕೂಗಿ "ನನ್ನ ತಮ್ಮ" ಎನ್ನುತ್ತಿದ್ದ. ಒಂದು ದಿನ ಒಬ್ಬ ಹೆಂಗಸಿನಿಂದ ಮೆಸೇಜ್ ಬಂತು. ಆ "ತಮ್ಮ" ಅವರ ಮಗ, ಹತ್ತನೇ ಕ್ಲಾಸಿನ ಹುಡುಗ. ಕಳಿಸಿದ್ದು ಅಮ್ಮನ ಫೋನಿನಿಂದ, ಅಮ್ಮನ ದುಡ್ಡು. ಎದೆ ಬಿಗಿಯಲು ಶುರುವಾದದ್ದು ಆ ವಾರವೇ ಎಂದು ದಿನಾಂಕ ಹೊಂದಿಸಿ ನೋಡಿದಾಗ ಗೊತ್ತಾಯಿತು. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ಮಾಡರೇಟರ್‌ಗಳು "ಅವರ ಮಗ, ಅವರ ತಲೆನೋವು" ಎಂದಿದ್ದರು.

ನನ್ನ ಅಭಿಪ್ರಾಯ ಸ್ಪಷ್ಟವಿತ್ತು. ಯುಪಿಐಯಿಂದ ನೇರ ಬಂದದ್ದನ್ನು ವಾಪಸ್ ಕೊಡು. ಸೂಪರ್‌ಚಾಟಿನದಕ್ಕೆ ಪ್ಲಾಟ್‌ಫಾರ್ಮಿಗೆ ದೂರು ಕೊಡುವುದು ಹೇಗೆ ಎಂದು ಆ ತಾಯಿಗೆ ತಿಳಿಸು. ಹುಡುಗನನ್ನು ಲೈವಿನಲ್ಲಿ ನಾಚಿಕೆ ಪಡಿಸಬೇಡ, ಅವನ ಜೊತೆ ಬೇರೆಯಾಗಿ ಚಾಟೂ ಮಾಡಬೇಡ, ಏನಿದ್ದರೂ ತಾಯಿಯ ಜೊತೆ. ಇನ್ನು ಮುಂದೆ ಮೊತ್ತ ನೋಡಿ ಹೆಸರು ಕೂಗುವುದು ಬಿಡು, ಎಷ್ಟೇ ಕೊಟ್ಟರೂ ಒಂದೇ ಥರ ಥ್ಯಾಂಕ್ಸ್. ಹದಿನೈದರ ಹುಡುಗನಿಗೆ ಸಾವಿರ ಜನರ ಮುಂದೆ ತನ್ನ ಹೆಸರು ಕೇಳುವುದಕ್ಕಿಂತ ದೊಡ್ಡ ನಶೆ ಇಲ್ಲ. ಅಂದರೆ ಚಟದ ಮಾತು ಈ ಪ್ರಕರಣದಲ್ಲಿ ಪೂರ್ತಿ ಸುಳ್ಳಾಗಿರಲಿಲ್ಲ, ಪರದೆಯ ಆಚೆ ಬದಿಗಿತ್ತು. ಚೇತನ್ ದುಡ್ಡು ವಾಪಸ್ ಮಾಡಿದ. ಆ ರಾತ್ರಿ ನಿದ್ದೆ ಬಂತು ಎಂದ.

ಅಪ್ಪನ ಜೊತೆಗಿನ ಮಾತು ಬೇರೆ ಥರ. 2024ರ ಏಪ್ರಿಲ್‌ನಲ್ಲಿ ಪ್ರಧಾನಿ ಕೆಲವು ಗೇಮರ್‌ಗಳನ್ನು ಕರೆದು ಮಾತಾಡಿಸಿದ್ದರು. ಮಾರ್ಟಲ್ ಹೆಸರಿನ ನಮನ್ ಮಾಥುರ್, ಪಾಯಲ್ ಧಾರೆ ಎಲ್ಲ ಇದ್ದರು. ಚೇತನ್ ಆ ವಿಡಿಯೋ ಅಪ್ಪನಿಗೆ ತೋರಿಸಿದ್ದ. ಅಪ್ಪ ಕೇಳಿದ್ದು: "ಇದರಲ್ಲಿ ಇದ್ದದ್ದು ಏಳು ಜನ. ಉಳಿದವರ ಕಥೆ ಎಂತ?" ಒಳ್ಳೆಯ ಪ್ರಶ್ನೆ ಎಂದೆ. ಸರಿಯಾದ ಉತ್ತರ ಕೊಡಬೇಕಾದರೆ ಇದನ್ನು ವ್ಯಾಪಾರ ಎಂದು ಒಪ್ಪಿ ಲೆಕ್ಕ ನೋಡಬೇಕು. ನೀವು ಹೋಟೆಲ್ ನಡೆಸಿದವರು, ಗಲ್ಲಾ ಮೇಲೆ ಕೂತವರು, ಆ ಲೆಕ್ಕ ನಿಮಗಿಂತ ಚೆನ್ನಾಗಿ ಯಾರು ನೋಡುತ್ತಾರೆ? ಹೋಟೆಲಿಗೂ ಮುಚ್ಚುವ ಹೊತ್ತಿದೆ ಅಲ್ವಾ, ಕೊನೆಯ ಗಿರಾಕಿ ಎಷ್ಟು ದೊಡ್ಡವನಾದರೂ ಶಟರ್ ಎಳೆಯುತ್ತೀರಲ್ಲ? ಅವರು ತಲೆ ಆಡಿಸಿದರು.

ಅಪ್ಪ ಮಗ ಸೇರಿ ಒಬ್ಬ ಸಿಎ ಹತ್ತಿರ ಹೋದರು. ವರ್ಷದ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು ಎಂಬುದು ಹುಡುಗನಿಗೆ ಗೊತ್ತಿರಲಿಲ್ಲ. ಸ್ಪಾನ್ಸರ್ ಕೊಟ್ಟ ಫೋನು, ಕುರ್ಚಿಯಂಥ ವಸ್ತುಗಳೂ ಆದಾಯವೇ ಎಂಬುದೂ ಹೊಸ ಸುದ್ದಿ. ಆರು ತಿಂಗಳ ಕಂತು ಮತ್ತು ಮನೆಖರ್ಚಿನಷ್ಟು ದುಡ್ಡು ಬೇರೆ ಖಾತೆಯಲ್ಲಿ ಕೂರುವವರೆಗೆ ಹೊಸ ಕ್ಯಾಮೆರಾ ಬೇಡ ಎಂದೆ. ಆಟ ಇನ್ನೊಂದು ಸಲ ಬಂದ್ ಆದರೆ ಧೈರ್ಯ ಕೊಡುವುದು ನನ್ನ ಮಾತಲ್ಲ, ಆ ಖಾತೆ. 2025ರ ಆಗಸ್ಟ್‌ನಲ್ಲಿ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಬಂತು. ಅಂಥ ಆಟಗಳ ಜಾಹೀರಾತೂ ಅಪರಾಧ. ಜಾಹೀರಾತು ಮಾಡಿದವರಿಗೆ ಎರಡು ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ. ಅವನ ಹಳೆಯ ವಿಡಿಯೋಗಳಲ್ಲಿ ಇಂಥ ಒಂದೆರಡು ಪ್ರಚಾರ ಇದ್ದವು. ವಕೀಲರನ್ನು ಕೇಳಿ ತೆಗೆಸಿದ.

ದಿನಚರಿಗೆ ನಾನು ಕೊಟ್ಟ ಸಲಹೆ ಸಣ್ಣದು. ಲೈವ್ ಸಂಜೆ ಆರಕ್ಕೆ ಶುರು, ಹನ್ನೊಂದಕ್ಕೆ ಬಂದ್. ಸೆಕ್ರೆಟರಿಗೂ ಸಮಾಧಾನ. ಸ್ಟ್ರೀಮ್ ಆಫ್ ಆದ ಕೂಡಲೇ ಫೋನನ್ನು ಹೊರಗೆ ನಡುಮನೆಯಲ್ಲಿ ಇಡಬೇಕು, ಹಾಸಿಗೆಗೆ ತರಬಾರದು. ಎಷ್ಟು ಜನ ನೋಡುತ್ತಿದ್ದಾರೆ ಎಂದು ತೋರಿಸುವ ಮೂಲೆಯ ಮೇಲೆ ಒಂದು ಚೀಟಿ ಅಂಟಿಸು. ನಗಬೇಡಿ, ಇದು ಕೆಲಸ ಮಾಡಿತು. ಆ ಸಂಖ್ಯೆ ಇಳಿದಾಗಲೆಲ್ಲ ಅವನ ದನಿ ಏರುತ್ತಿದ್ದದ್ದು ನಿಂತಿತು. ವಾರದ ರಜೆ ಸೋಮವಾರ ಎಂದು ಚಾನೆಲ್ಲಿನಲ್ಲೇ ಬರೆದು ಹಾಕು. ಹೇಳದೆ ಮಾಡುವ ರಜೆಯಲ್ಲಿ ಮನಸ್ಸು ಕಳ್ಳನ ಹಾಗೆ ಕೂತಿರುತ್ತದೆ, ವಿಶ್ರಾಂತಿ ಸಿಗುವುದಿಲ್ಲ.

ಅಮ್ಮನಿಗೆ ಹೇಳಿದ್ದು: ಬಾಗಿಲು ತಟ್ಟಬೇಡಿ, ಹನ್ನೊಂದಕ್ಕೆ ಬಿಸಿ ಊಟ ಇಡಿ. ಹೆಣ್ಣಿನ ಕಡೆಯವರು ಕೇಳಿದರೆ ಅವನ ಕೆಲಸದ ಹೆಸರನ್ನೇ ಹೇಳಿ. "ಕಂಪ್ಯೂಟರ್ ಕೆಲಸ" ಎಂದು ಮದುವೆ ಮಾಡಿಸಿದರೆ ಆರು ತಿಂಗಳಿಗೆ ನನ್ನ ಹತ್ತಿರ ನಾಲ್ಕು ಜನ ಬರುತ್ತೀರಿ. ಡಿಗ್ರಿ ವಿಷಯದಲ್ಲಿ ಅಪ್ಪನ ಪಟ್ಟು ತಪ್ಪೇನಲ್ಲ. ಆದರೆ ನಿದ್ದೆ ಸರಿಯಾಗುವವರೆಗೆ ಆ ಮಾತು ಬೇಡ ಎಂದೆ. ಆಮೇಲೆ ಚೇತನ್ ತಾನಾಗಿಯೇ ಮುಂಬೈ ವಿಶ್ವವಿದ್ಯಾಲಯದ ದೂರಶಿಕ್ಷಣದ ಬಗ್ಗೆ ವಿಚಾರಿಸಿ ಬಂದ. ಫಾರ್ಮ್ ಇನ್ನೂ ತುಂಬಿಲ್ಲ.

ವೀಕ್ಷಕರು ಇಳಿದರು, ಇದನ್ನು ಮುಚ್ಚಿಡುವುದಿಲ್ಲ. ರಾತ್ರಿ ಎರಡರ ಗುಂಪು ಬೇರೆಯವರ ಚಾನೆಲ್ಲಿಗೆ ಹೋಯಿತು. ಮೊದಲ ಎರಡು ತಿಂಗಳು ಆದಾಯ ಕುಸಿಯಿತು, ಒಂದು ಕಂತನ್ನು ಅಪ್ಪ ಕಟ್ಟಿದರು. ಆಮೇಲೆ ಸ್ವಲ್ಪ ಸುಧಾರಿಸಿದೆ, ಮೊದಲಿನಷ್ಟಿಲ್ಲ. ಎದೆ ಬಿಗಿಯುವುದು ವಾರಕ್ಕೊಮ್ಮೆ ಇದ್ದದ್ದು ಈಗ ಅಪರೂಪ. ಏಜೆನ್ಸಿಯ ಕರಾರು ಮುಂದಿನ ತಿಂಗಳು ಮುಗಿಯುತ್ತದೆ. ಅವರು ಜಾಸ್ತಿ ದುಡ್ಡಿಗೆ ಜಾಸ್ತಿ ಗಂಟೆ ಕೇಳುತ್ತಿದ್ದಾರೆ. ಚೇತನ್‌ಗೆ ಆಸೆ ಇದೆ. ಅಪ್ಪ ಬೇಡ ಎನ್ನುತ್ತಾರೆ. ಗಂಟೆಯ ಷರತ್ತು ತೆಗೆದರೆ ಮಾತ್ರ ಸಹಿ ಹಾಕು, ಅದಕ್ಕೂ ಮೊದಲು ವಕೀಲರು ಓದಲಿ ಎಂದಿದ್ದೇನೆ. ತೀರ್ಮಾನ ಅವನದು.